ಕರಗಿದ್ದು

ಪೊಳೆಂ ಚೆಕ್‌ಪೋಸ್ಟಿನಿಂದ ಕಡಲಿನ ಕಡೆ ಇಳಿದರೆ
ನೀಲಿ ತಗಡಿನದೊಂದು ಶೆಡ್ಡು. ಬಾಗಿಲ ಮೇಲೆ ಫಲಕ,
ಮೂರು ಭಾಷೆಯಲ್ಲಿ, ಮೂರರಲ್ಲೂ ಒಂದೊಂದು ತಪ್ಪು:
ಗಡಿ ಪ್ರದೇಶ ಸಮತೋಲನ ನಿಧಿ, ಮಂಜುಗಡ್ಡೆ ಘಟಕ.
ಅಂಕೋಲೆಯವನು ನಾನು ಇಲ್ಲಿ ಲೆಕ್ಕ ಬರೆಯುವವ.

ದುಡ್ಡು ದಿಲ್ಲಿಯಿಂದ ಹೊರಟದ್ದು ಎರಡೂ ಕಡೆಗೆಂದೇ,
ಗುಡ್ಡದ ಈಚೆಗೂ ಆಚೆಗೂ ಇರುವ ಏರುಪೇರು
ಒಂದಿಷ್ಟು ಮಟ್ಟವಾಗಲಿ ಎಂದು.
ಪಣಜಿಯಲ್ಲೊಂದು ಮೇಜು, ಬೆಂಗಳೂರಿನಲ್ಲೊಂದು ಮೇಜು,
ನಡುವೆ ಒಂದು ಕಡತ, ಎಂಟು ಮಳೆಗಾಲ.
ಆಚೆಯ ಪಾಲು ಬರಲೇ ಇಲ್ಲ.
ಈಚೆಯ ಪಾಲು ಬಂತು, ಬೆನ್ನಿಗೆ ಷರತ್ತು ಕಟ್ಟಿಕೊಂಡು:
ಈ ತಾಲೂಕಿನಲ್ಲಿ ನೋಂದಾಯಿಸಿದ ದೋಣಿಗಳಿಗೆ ಮಾತ್ರ.

ಗುಡ್ಡ ದಾಟಿದರೆ ಮಾಜಾಳಿ.
ಬಂಗಡೆ ಅದೇ, ಬಲೆಯ ಕಣ್ಣು ಅದೇ, ಬೈಗುಳವೂ ಅದೇ ಕೊಂಕಣಿ.
ಐಸು ಮಾತ್ರ ಕಾರವಾರದಿಂದ ಟೆಂಪೋದಲ್ಲಿ ಬರಬೇಕು,
ಟೆಂಪೋ ಬಂದರೆ.
ಬಾರದ ದಿನ ಹನ್ನೊಂದಕ್ಕೆ ಮೀನಿನ ಕಣ್ಣು ಮಂಕು,
ಹನ್ನೆರಡಕ್ಕೆ ದರ ಅರ್ಧ,
ಎರಡಕ್ಕೆ ಬುಟ್ಟಿಯ ಸುತ್ತ ಬೆಕ್ಕುಗಳು.

ಶೆವಂತಿ ಈ ಊರಿನವಳು. ಅಕ್ಕ ರುಕ್ಮಾಳನ್ನು ಆಚೆ ಕೊಟ್ಟಿದೆ.
ಮೊದಲ ಸಲ ಬಂದಾಗ ಷರತ್ತು ಓದಿ ಹೇಳಿದೆ.
ಸೊಂಟಕ್ಕೆ ಸೆರಗು ಸಿಕ್ಕಿಸಿ ಕೇಳಿದಳು:
‘ನಮ್ಮಕ್ಕನ ಮನೆಯ ಬಂಗಡೆಗೆ
ಯಾವ ತಾಲೂಕಿನ ಥಂಡಿ ಹಾಕಲಿ, ಹೇಳು?’

ನನ್ನ ಪುಸ್ತಕದಲ್ಲಿ ನಾಲ್ಕು ಕಾಲಂ.
ತಯಾರಾದದ್ದು. ಮಾರಿದ್ದು. ಉಳಿದದ್ದು.
ನಾಲ್ಕನೆಯದು, ಕರಗಿದ್ದು.
ಅಂದಿನಿಂದ ಗುಡ್ಡದ ಕಾಲುದಾರಿ ಹಿಡಿದ ಪ್ರತಿ ಗಡ್ಡೆಯನ್ನೂ
ನಾಲ್ಕನೆಯದರಲ್ಲೇ ಬರೆದೆ.
ಪೂರ್ತಿ ಸುಳ್ಳೂ ಅಲ್ಲ. ತಲೆಯ ಮೇಲಿನ ಗೋಣಿಯಿಂದ
ತೊಟ್ಟಿಕ್ಕಿ ತೊಟ್ಟಿಕ್ಕಿ ಅವರ ಬೆನ್ನೆಲ್ಲ ಒದ್ದೆ,
ದಾರಿಯ ಕೆಂಪು ಕಲ್ಲೂ ಒದ್ದೆ.

ಆಡಿಟಿಗೆ ಬಂದವರು ಕುಡ್ತರಿಯ ಸಿರಿಲ್ ಬಾರೆಟೊ.
ಸಾವಧಾನದ ಮನುಷ್ಯ. ಕನ್ನಡಕ ಒರೆಸುತ್ತಾರೆ, ಪುಟ ತಿರುವುತ್ತಾರೆ,
ಮತ್ತೆ ಕನ್ನಡಕ ಒರೆಸುತ್ತಾರೆ.
‘ಮೇ ತಿಂಗಳ ಉರಿಯಲ್ಲಿ ಕಡಿಮೆ ಕರಗಿದೆ.
ಡಿಸೆಂಬರಿನಲ್ಲಿ ಇದರ ಮೂರು ಪಟ್ಟು.
ಶನಿವಾರ ರಾತ್ರಿಯಂತೂ ಶೆಡ್ಡಿಗೆ ಬೆಂಕಿ ಬಿದ್ದಂತಿದೆಯಲ್ಲ ಮಾರಾಯ,
ಯಾವ ಜಾತಿಯ ಐಸು ಇದು?’

‘ಭಾನುವಾರ ಕಾರವಾರದ ಸಂತೆ, ಸಾರ್.’
ಬಾಯಿ ತಪ್ಪಿ ಬಂದುಬಿಟ್ಟಿತು.

ಅವರು ಏನೂ ಅನ್ನಲಿಲ್ಲ.
ಎದ್ದು ತೊಟ್ಟಿಯ ಹತ್ತಿರ ಹೋಗಿ ಬೆರಳದ್ದಿ ನಾಲಿಗೆಗಿಟ್ಟರು.
‘ಎರಡನೆಯ ಕಂತು ಬಂದಿಲ್ಲ. ಒಂದೂವರೆ ವರ್ಷದಿಂದ
ಒಂದು ಚೀಲ ಉಪ್ಪಿನ ಬಿಲ್ಲೂ ಇಲ್ಲ.
ಉಪ್ಪಿಲ್ಲದೆ ತೊಟ್ಟಿ ಹೇಗೆ ನಡೆಯಿತು?’

ಹೇಗೆ ಹೇಳಲಿ?
ತೊಟ್ಟಿಕ್ಕುತ್ತ ಹೋದ ಬುಟ್ಟಿಗಳು ಬರಿದಾಗಿ ಬರಲಿಲ್ಲ.
ರುಕ್ಮಾ, ಅವಳ ನಾದಿನಿ, ನಾದಿನಿಯ ಓರಗಿತ್ತಿ
ಸಾಣಿಕಟ್ಟೆಯ ಹರಳುಪ್ಪು ತರಿಸಿ
ಪಾವು, ಸೇರು, ಕೈಲಾದಷ್ಟು
ಗುಡ್ಡದ ಮೇಲಿನಿಂದ ಇಳಿಸಿದರು.
ಯಾರೂ ಕೇಳಿರಲಿಲ್ಲ. ಯಾರೂ ತೂಗಲಿಲ್ಲ.
‘ಅದಕ್ಕೆ ಕಾಲಂ ಇಲ್ಲ ಸಾರ್’ ಎಂದೆ.

ಬಾರೆಟೊ ಕುಡಿಯಲು ನೀರು ಕೇಳಿದರು.
ಒಂದು ಚೊಂಬು ಪೂರ್ತಿ ಕುಡಿದರು, ನಿಂತೇ.
ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ.

ಅವರ ಜೀಪು ಹೋದ ಮೇಲೆ ಪುಸ್ತಕ ಬಿಡಿಸಿದೆ.
ನಾಲ್ಕನೆಯ ಕಾಲಮ್ಮಿನ ಪಕ್ಕ
ಪೆನ್ಸಿಲ್ಲಿನಲ್ಲಿ ಒಂದು ಗೆರೆ, ಮೇಲಿನಿಂದ ಕೆಳತನಕ, ನೆಟ್ಟಗೆ.
ಐದನೆಯದೊಂದು ಕಾಲಂ. ತಲೆಬರಹ ಬರೆದಿಲ್ಲ.
ದಾರಿಯೋ ಅದು, ಗಾಳವೋ,
ವಾರವಾಯಿತು, ನೋಡುತ್ತ ಕೂತಿದ್ದೇನೆ.

ಇವತ್ತು ಶನಿವಾರ.
ಹಳೆಯ ಕಂಪ್ರೆಸರ್ ಕೆಮ್ಮುತ್ತಿದೆ.
ಶೆವಂತಿ ಹೊರಗೆ ಬುಟ್ಟಿ ಕುಕ್ಕಿ ಕೂಗುತ್ತಾಳೆ:
‘ಎಷ್ಟು ಕರಗಿದೆಯೋ ಇವತ್ತು?’